ಎಂ 42ರ ಚಿತ್ರ: ದೂರದರ್ಶಕ ಕೊಳ್ಳುವ ಮೊದಲು

ಪ್ರಶ್ನೆ: ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರ ಜೊತೆಗೆ ಬಂದ 18–55 ಮಿ.ಮೀ. ಲೆನ್ಸ್, ಒಂದು 50 ಮಿ.ಮೀ. ಎಫ್ 1.8 ಲೆನ್ಸ್ ಮತ್ತು ಟ್ರೈಪಾಡ್ ಇವೆ. ಓರಿಯನ್ ನೀಹಾರಿಕೆಯ (ಎಂ 42) ಚಿತ್ರವನ್ನು 55 ಮಿ.ಮೀ., ಎಫ್ 5.6, ಐಎಸ್‌ಒ 6400, 15 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ತೆಗೆದೆ. ಸಿಕ್ಕಿದ್ದು ಕಿತ್ತಳೆ ಬಣ್ಣದ ಆಕಾಶ, ಗೀಟು ಗೀಟಾದ ನಕ್ಷತ್ರಗಳು, ನಡುವೆ ಒಂದು ಗುಲಾಬಿ ಮಚ್ಚೆ. ದೂರದರ್ಶಕ ಕೊಳ್ಳಬೇಕೇ? ಚಿತ್ರವನ್ನು ಸಂಸ್ಕರಿಸುವುದು ಹೇಗೆ? ಕೊನೆಯದಾಗಿ, ಇತರರ ಚಿತ್ರಗಳಲ್ಲಿ ಕಾಣುವ ಬಣ್ಣಗಳು ನಿಜವೇ ಅಥವಾ ಕಂಪ್ಯೂಟರಿನಲ್ಲಿ ಬಳಿದವೇ?

ಉತ್ತರ: ದೂರದರ್ಶಕ ಸದ್ಯಕ್ಕೆ ಬೇಡ. ಆ ಗುಲಾಬಿ ಮಚ್ಚೆ ನೀಹಾರಿಕೆಯೇ, ಅಂದರೆ ಅನಿಲ ಮತ್ತು ಧೂಳಿನ ಮೋಡ. 1,300ಕ್ಕೂ ಹೆಚ್ಚು ವರ್ಷ ಪಯಣಿಸಿ ಬಂದ ಬೆಳಕು ನಿಮ್ಮ ಸೆನ್ಸರ್ ಮೇಲೆ ಬಿದ್ದಿದೆ. ಅದಕ್ಕೆ ಆಕಾರ ಬಂದಿಲ್ಲ, ಅಷ್ಟೇ. ಏಕೆ ಬಂದಿಲ್ಲ ಎನ್ನುವುದಕ್ಕೆ ನೀವು ಬರೆದ ಅಂಕಿಗಳಲ್ಲೇ ಉತ್ತರವಿದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಕ್ಯಾಮೆರಾದಂಥ ಎಪಿಎಸ್-ಸಿ (35 ಮಿ.ಮೀ. ಫಿಲ್ಮ್ ಚೌಕಟ್ಟಿಗಿಂತ ಚಿಕ್ಕ ಅಳತೆಯ) ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್‌ನ ಅಗಲ ಸುಮಾರು 3.9 ಮೈಕ್ರಾನ್. ಅದನ್ನು 206ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಒಂದೊಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ನೋಡುತ್ತದೆ ಎನ್ನುವುದು ಆರ್ಕ್‌ಸೆಕೆಂಡಿನಲ್ಲಿ ಸಿಗುತ್ತದೆ. ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್. 55 ಮಿ.ಮೀ. ಲೆನ್ಸಿಗೆ ಉತ್ತರ ಹೆಚ್ಚುಕಡಿಮೆ 15. ಭೂಮಿಯ ತಿರುಗುವಿಕೆಯಿಂದಾಗಿ ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿಕೊಂಡ ವೃತ್ತ) ಬಳಿಯ ನಕ್ಷತ್ರಗಳು ಪ್ರತಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತವೆ, ಓರಿಯನ್ ನೀಹಾರಿಕೆ ಇರುವುದು ಆ ವೃತ್ತದ ಪಕ್ಕದಲ್ಲೇ. ಅಂದರೆ ನಿಮ್ಮ ಚಿತ್ರದಲ್ಲಿ ಪ್ರತಿ ನಕ್ಷತ್ರವೂ ಸೆಕೆಂಡಿಗೊಂದು ಪಿಕ್ಸೆಲ್‌ನಂತೆ 15 ಪಿಕ್ಸೆಲ್ ಉದ್ದಕ್ಕೆ ಎಳೆದುಕೊಂಡಿದೆ. ನೀಹಾರಿಕೆಯೂ ಅಷ್ಟೇ ಎಳೆದುಕೊಂಡಿದೆ, ಆದರೆ ಅದಕ್ಕೆ ಅಂಚಿಲ್ಲದ ಕಾರಣ ಗೀಟಾಗಿ ಕಾಣದೆ ಮಬ್ಬಾಗಿ ಕಾಣುತ್ತಿದೆ.

500ನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ ಸೆಕೆಂಡು ಲೆಕ್ಕ ಹಾಕುವ ಹಳೆಯ ಸೂತ್ರವನ್ನು ನೀವು ಕೇಳಿರಬಹುದು. ಎಪಿಎಸ್-ಸಿ ಸೆನ್ಸರ್‌ಗೆ 1.5ರ ಗುಣಕ ಸೇರಿಸಿದರೆ ಅದು ನಿಮಗೆ 6 ಸೆಕೆಂಡು ಕೊಡುತ್ತದೆ. ಇಂದಿನ ಸಣ್ಣ ಪಿಕ್ಸೆಲ್‌ಗಳಿಗೆ ಆ ಸೂತ್ರ ತೀರಾ ಉದಾರಿ. ಮೂರು ಪಿಕ್ಸೆಲ್‌ಗಿಂತ ಹೆಚ್ಚು ಎಳೆತ ಬೇಡ ಎಂದುಕೊಂಡು ಮೇಲಿನ ಲೆಕ್ಕವನ್ನೇ ಹಿಡಿಯಿರಿ.

ಇನ್ನು ದೂರದರ್ಶಕದ ಮಾತು. ಎಂ 42 ಎಂದು ಪಟ್ಟಿಯಲ್ಲಿರುವ ಈ ನೀಹಾರಿಕೆ ಆಕಾಶದಲ್ಲಿ ಒಂದು ಡಿಗ್ರಿಗೂ ಮಿಕ್ಕಿ ಹರಡಿದೆ; ಹುಣ್ಣಿಮೆಯ ಚಂದ್ರನ ಎರಡು ಪಟ್ಟು ಅಗಲ. ಅದು ಚಿಕ್ಕದಲ್ಲ, ಮಂಕು. ಹಿಗ್ಗಿಸಿದರೆ ಮಂಕಾದ ವಸ್ತು ಬೆಳಗುವುದಿಲ್ಲ, ಅದೇ ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ಹರಡಿಕೊಂಡ ವಸ್ತುವಿನಿಂದ ಒಂದು ಪಿಕ್ಸೆಲ್‌ಗೆ ಎಷ್ಟು ಬೆಳಕು ಸಿಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಎಫ್ ಸಂಖ್ಯೆ, ಅಂದರೆ ಫೋಕಲ್ ಲೆಂತನ್ನು ಅಪರ್ಚರ್ ಎಂಬ ಲೆನ್ಸಿನ ತೆರಪಿನ ಅಗಲದಿಂದ ಭಾಗಿಸಿದ ಸಂಖ್ಯೆ; ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. ನಿಮ್ಮ 50 ಮಿ.ಮೀ. ಲೆನ್ಸನ್ನು ಎಫ್ 2.8ರಲ್ಲಿ ಬಳಸಿದರೆ ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಸಿಗುತ್ತದೆ. ಹವ್ಯಾಸಿಗಳು ಕೊಳ್ಳುವ ಎಷ್ಟೋ ದೂರದರ್ಶಕಗಳಿಗೆ ಈ ಎಫ್ ಸಂಖ್ಯೆ ಕನಸಿನ ಮಾತು. ಪೂರ್ತಿ ಎಫ್ 1.8ಕ್ಕೆ ತೆರೆಯಬೇಡಿ, ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಮೂಡುತ್ತವೆ.

ಹಾಗಾದರೆ ಕೊರತೆ ಇರುವುದು ಯಾವುದರಲ್ಲಿ? ಸಮಯದಲ್ಲಿ. ನೀವು ಸಂಗ್ರಹಿಸಿದ್ದು 15 ಸೆಕೆಂಡಿನ ಬೆಳಕು. ಬೆರಗಿನಿಂದ ನೋಡುವ ಹವ್ಯಾಸಿ ಚಿತ್ರಗಳ ಹಿಂದೆ ಗಂಟೆಗಟ್ಟಲೆ, ಕೆಲವೊಮ್ಮೆ ಹಲವು ರಾತ್ರಿಗಳ ಬೆಳಕು ಇರುತ್ತದೆ. ಇದು ಹೊಸ ಕಥೆಯೂ ಅಲ್ಲ. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಮೊಟ್ಟಮೊದಲ ಬಾರಿಗೆ ಒಂದು ನೀಹಾರಿಕೆಯ ಛಾಯಾಚಿತ್ರ ತೆಗೆದಾಗ, ಅದು ಇದೇ ಎಂ 42. 11 ಇಂಚಿನ ದೂರದರ್ಶಕ, 51 ನಿಮಿಷದ ಎಕ್ಸ್‌ಪೋಷರ್. ಬಂದದ್ದು ಹೊಳೆಯುವ ನಡುಭಾಗ ಮಾತ್ರ. 1882ರಲ್ಲಿ ಅವರು 137 ನಿಮಿಷ ಕಾದರು, ಹೊರಗಿನ ಮಂಕು ಎಳೆಗಳೂ ಮೂಡಿದವು. ವೃತ್ತಿಯಿಂದ ಅವರು ವೈದ್ಯರಾಗಿದ್ದವರು, ಖಗೋಳದಲ್ಲಿ ನಿಮ್ಮಂತೆಯೇ ಹವ್ಯಾಸಿ.

ಡ್ರೇಪರ್‌ಗೆ ಇಲ್ಲದಿದ್ದ ಒಂದು ಅನುಕೂಲ ನಿಮಗಿದೆ: 51 ನಿಮಿಷವನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕಾಗಿಲ್ಲ. ಮೂರು ಮೂರು ಸೆಕೆಂಡಿನ ನೂರಾರು ಚಿತ್ರಗಳನ್ನು ತೆಗೆದು, ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ, ಸರಾಸರಿ ತೆಗೆಯಬಹುದು. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ಗದ್ದಲದ ಕೋಣೆಯಲ್ಲಿ ಒಬ್ಬರು ಒಂದೇ ಮಾತನ್ನು ನೂರು ಸಲ ಹೇಳಿದರೆ ಆ ಮಾತು ಕೊನೆಗೆ ಕಿವಿಗೆ ಬೀಳುತ್ತದೆ, ಗದ್ದಲ ಪ್ರತಿ ಸಲವೂ ಬೇರೆಯಾದ್ದರಿಂದ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಲೆಕ್ಕ ಹೀಗೆ: ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಗುಣಮಟ್ಟ ಏರುತ್ತದೆ. 100 ಚಿತ್ರಗಳಿಗೆ 10 ಪಟ್ಟು, 400ಕ್ಕೆ 20 ಪಟ್ಟು. ಮೊದಲ ಅರ್ಧ ಗಂಟೆಯಲ್ಲಿ ಕಾಣುವ ಬದಲಾವಣೆ ಅಚ್ಚರಿ ಹುಟ್ಟಿಸುತ್ತದೆ. ಆಮೇಲೆ ಅದೇ ಪ್ರಮಾಣದ ಸುಧಾರಣೆಗೆ ನಾಲ್ಕು ಪಟ್ಟು ದುಡಿಯಬೇಕು ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ಐಎಸ್‌ಒ ಏರಿಸಿದರೆ ಬೆಳಕು ಹೆಚ್ಚಾಗುವುದಿಲ್ಲ. ಬಂದ ಬೆಳಕನ್ನು ಎಷ್ಟು ವರ್ಧಿಸಿ ಬರೆದುಕೊಳ್ಳಬೇಕು ಎಂದು ಅದು ಹೇಳುತ್ತದೆ, ಅಷ್ಟೇ. 6400ರಲ್ಲಿ ಹೊಳೆಯುವ ನಕ್ಷತ್ರಗಳೂ ನೀಹಾರಿಕೆಯ ನಡುಭಾಗವೂ ಬೇಗ ಉಕ್ಕಿ ಬಿಳಿಯಾಗುತ್ತವೆ, ಉಕ್ಕಿದ ಮೇಲೆ ಬಣ್ಣ ಮರಳಿ ಬರುವುದಿಲ್ಲ. 1600 ಸಾಕು. ಕಡತಗಳನ್ನು ಜೆಪೆಗ್‌ನಲ್ಲಿ ತೆಗೆಯಬೇಡಿ, ರಾ ಸ್ವರೂಪವನ್ನೇ ಆರಿಸಿ. ನಾಯ್ಸ್ (ಚಿತ್ರದಲ್ಲಿ ಕಾಳು ಕಾಳಾಗಿ ಮೂಡುವ ಗದ್ದಲ) ತಗ್ಗಿಸುವ ಕ್ಯಾಮೆರಾದೊಳಗಿನ ಸೌಲಭ್ಯಗಳನ್ನೆಲ್ಲ ಆಫ್ ಮಾಡಿಬಿಡಿ. ವೈಟ್ ಬ್ಯಾಲೆನ್ಸ್ ಏನಿದ್ದರೂ ನಡೆಯುತ್ತದೆ.

ಫೋಕಸ್ ಬಗ್ಗೆ ಮಾತ್ರ ಸ್ವಲ್ಪ ಹಟಮಾರಿಯಾಗಿರಿ. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಲುಬ್ಧಕವನ್ನೋ ರೀಗೆಲ್ಲನ್ನೋ ಪರದೆಯ ನಡುವಿಗೆ ತಂದು, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಫೋಕಸ್ ಬಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸುತ್ತ ಹೋಗಿ. ನಕ್ಷತ್ರ ಅತಿ ಚಿಕ್ಕ ಚುಕ್ಕೆಯಾಗುವ ಜಾಗ ಒಂದಿರುತ್ತದೆ. ಅದನ್ನು ದಾಟಿದರೆ ಸುತ್ತ ನೇರಳೆಯ ಇಲ್ಲವೇ ಹಸಿರಿನ ಅಂಚು ಮೂಡುತ್ತದೆ. ಸಿಕ್ಕ ಮೇಲೆ ಬಳೆಗೆ ಟೇಪ್ ಅಂಟಿಸಿ. ರಾತ್ರಿ ತಣ್ಣಗಾದಂತೆ ಲೆನ್ಸ್ ಕುಗ್ಗಿ ಫೋಕಸ್ ಜಾರುತ್ತದೆ, ಆದ್ದರಿಂದ ಗಂಟೆಗೊಮ್ಮೆ ಮತ್ತೆ ನೋಡಿ. ಬಹ್ತಿನೋವ್ ಮಾಸ್ಕ್ ಎಂಬ ಸೀಳುಗಳುಳ್ಳ ತಟ್ಟೆಯೊಂದು ಸಿಗುತ್ತದೆ. ಅದನ್ನು ಲೆನ್ಸಿನ ಮುಂದೆ ಹಿಡಿದರೆ ನಕ್ಷತ್ರದಿಂದ ಮೂರು ಗೆರೆಗಳು ಹೊರಡುತ್ತವೆ, ನಡುವಿನ ಗೆರೆ ಉಳಿದೆರಡರ ಸರಿಮಧ್ಯಕ್ಕೆ ಬಂದರೆ ಫೋಕಸ್ ಸರಿ. ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂರುತ್ತಿದೆಯೇ ಎಂದೂ ಆಗಾಗ ನೋಡಿ.

ಈಗ ಯೋಜನೆ. ಚಂದ್ರನಿಲ್ಲದ ರಾತ್ರಿ, ಓರಿಯನ್ ಆಕಾಶದಲ್ಲಿ ಅತಿ ಎತ್ತರಕ್ಕೆ ಬರುವ ಹೊತ್ತು. 50 ಮಿ.ಮೀ., ಎಫ್ 2.8, ಐಎಸ್‌ಒ 1600, 3 ಸೆಕೆಂಡು. ಬೆರಳು ತಾಗಿ ಅಲುಗದಂತೆ ಇಂಟರ್ವಲ್ ಟೈಮರ್‌ಗೆ ಒಪ್ಪಿಸಿದ 600 ಚಿತ್ರಗಳು. ಒಟ್ಟು ಅರ್ಧ ಗಂಟೆಯ ಬೆಳಕು. ಅಷ್ಟರಲ್ಲಿ ಆಕಾಶ ಏಳೆಂಟು ಡಿಗ್ರಿ ಸರಿದಿರುತ್ತದೆ, ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕ್ಯಾಮೆರಾ ತಿರುಗಿಸಿ ನೀಹಾರಿಕೆಯನ್ನು ಮತ್ತೆ ನಡುವಿಗೆ ತನ್ನಿ. ಪ್ರತಿ ಸಲವೂ ಅದೇ ಬಿಂದುವಿನಲ್ಲಿ ಕೂರಿಸುವ ಹಠ ಬೇಡ. ಅಷ್ಟಿಷ್ಟು ಆಚೀಚೆಯಾದರೆ ಸೆನ್ಸರ್‌ನ ದೋಷಗಳು ಬೇರೆ ಬೇರೆ ಜಾಗಕ್ಕೆ ಬಿದ್ದು ಸರಾಸರಿಯಲ್ಲಿ ಕರಗಿಹೋಗುತ್ತವೆ. ಪರಿಣತರು ಇದನ್ನೇ ಬೇಕೆಂದು ಮಾಡುತ್ತಾರೆ, ಅದಕ್ಕೆ ಡಿದರಿಂಗ್ ಎಂದು ಹೆಸರು. ನಿಮ್ಮ ಹಳೆಯ ಒಂಟಿ ಚಿತ್ರಕ್ಕೆ ಹೋಲಿಸಿದರೆ ಒಂದು ಪಿಕ್ಸೆಲ್‌ಗೆ ಬೀಳುವ ಒಟ್ಟು ಬೆಳಕು ಸಮಯದಿಂದ 120 ಪಟ್ಟು, ಅಪರ್ಚರ್‌ನಿಂದ 4 ಪಟ್ಟು, ಗುಣಿಸಿದರೆ 480 ಪಟ್ಟು. ದೂರದರ್ಶಕ ಬೇಡ ಎಂದದ್ದು ಈ ಕಾರಣಕ್ಕೆ.

ಆ ಕಿತ್ತಳೆ ಆಕಾಶ ಊರಿನ ದೀಪಗಳದ್ದು. ಅದನ್ನು ಸಂಸ್ಕರಣೆಯಲ್ಲಿ ಕಳೆಯಬಹುದು, ಆದರೆ ಅದು ತಂದ ನಾಯ್ಸ್ ಉಳಿದುಬಿಡುತ್ತದೆ. ಆಕಾಶದ ಹಿನ್ನೆಲೆ, ಖಗೋಳದಲ್ಲಿ ಹೊಳಪಿನ ಅಳತೆಯಾದ ಮ್ಯಾಗ್ನಿಟ್ಯೂಡ್ ಲೆಕ್ಕದಲ್ಲಿ, ಒಂದು ಮ್ಯಾಗ್ನಿಟ್ಯೂಡ್‌ನಷ್ಟು ಬೆಳಕಾದರೆ ಅದೇ ಗುಣಮಟ್ಟದ ಚಿತ್ರಕ್ಕೆ ಸುಮಾರು ಎರಡೂವರೆ ಪಟ್ಟು ಸಮಯ ಬೇಕು. ಹಾಗಾಗಿ ಕತ್ತಲಿರುವ ಜಾಗಕ್ಕೆ ಹೋಗುವುದು ಯಾವ ಉಪಕರಣಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ಬೆಳಕಿನ ಮಾಲಿನ್ಯ ತಡೆಯುತ್ತವೆ ಎನ್ನುವ ಫಿಲ್ಟರ್‌ಗಳು ಹಳೆಯ ಸೋಡಿಯಂ ದೀಪಗಳ ಕಾಲಕ್ಕೆ ಹೊಂದಿದ್ದವು. ಎಲ್‌ಇಡಿ ದೀಪಗಳ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ಅವುಗಳ ಎದುರು ಆ ಫಿಲ್ಟರ್‌ಗಳ ಆಟ ಹೆಚ್ಚು ನಡೆಯುವುದಿಲ್ಲ. ನೀಹಾರಿಕೆ ಹೊರಸೂಸುವ ಒಂದೆರಡು ತರಂಗಾಂತರಗಳನ್ನು ಮಾತ್ರ ಬಿಡುವ ಕಿರುಪಟ್ಟಿ ಫಿಲ್ಟರ್‌ಗಳು ಬೇರೆ ಜಾತಿ, ಅವು ಊರಿನೊಳಗೂ ಕೆಲಸ ಮಾಡುತ್ತವೆ. ಆದರೆ ಅವಕ್ಕೆ ದೀರ್ಘ ಎಕ್ಸ್‌ಪೋಷರ್ ಬೇಕು, ಬರೀ ಟ್ರೈಪಾಡ್ ಸಾಲದು.

ಮನೆಗೆ ಹೊರಡುವ ಮೊದಲು ಇನ್ನೂ ಕೆಲವು ಚಿತ್ರಗಳು ಬೇಕು. ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 3 ಸೆಕೆಂಡು, ಅದೇ ತಂಪಿನಲ್ಲಿ ಮೂವತ್ತು ಚಿತ್ರಗಳು: ಇವು ಡಾರ್ಕ್. ಬಿಸಿ ಪಿಕ್ಸೆಲ್‌ಗಳ ನಕ್ಷೆ ಇವುಗಳಲ್ಲಿರುತ್ತದೆ. ಮುಚ್ಚಳ ಹಾಗೆಯೇ ಇದ್ದು, ಶಟರ್ ವೇಗವನ್ನು ಗರಿಷ್ಠಕ್ಕೆ ಇಟ್ಟು ಇನ್ನು ಮೂವತ್ತು: ಇವು ಬಯಸ್. ಸೆನ್ಸರನ್ನು ಓದುವಾಗಲೇ ಸೇರಿಕೊಳ್ಳುವ ಸಂಕೇತ ಇವುಗಳಲ್ಲಿರುತ್ತದೆ. ಮೂರನೆಯದು ಫ್ಲಾಟ್. ಜನ ಬಿಟ್ಟುಬಿಡುವುದೂ ಇದನ್ನೇ, ಆಮೇಲೆ ಪಶ್ಚಾತ್ತಾಪ ಪಡುವುದೂ ಇದಕ್ಕೇ. ಫೋಕಸ್ ಮತ್ತು ಅಪರ್ಚರ್ ಮುಟ್ಟದೆ, ಲೆನ್ಸಿನ ಬಾಯಿಗೆ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಕಟ್ಟಿ, ಸಮನಾದ ಬೆಳಕಿನ ಕಡೆಗೆ ತಿರುಗಿಸಿ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್‌ನ ಗುಡ್ಡ ನಡುವಿಗೆ ಬರುವಂತೆ ತೆಗೆದ ಚಿತ್ರಗಳಿವು. ಲೆನ್ಸಿನ ಮೂಲೆಗಳು ಎಷ್ಟು ಕಪ್ಪಾಗುತ್ತವೆ, ಸೆನ್ಸರ್ ಮೇಲೆ ಧೂಳು ಎಲ್ಲಿ ಕೂತಿದೆ ಎನ್ನುವುದನ್ನು ಇವು ಹೇಳುತ್ತವೆ. ಮೂಲೆಗಳ ಕಪ್ಪು ಸಾಮಾನ್ಯ ಫೋಟೋದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ನೀಹಾರಿಕೆಯ ಚಿತ್ರದ ಮಂಕು ಭಾಗಗಳನ್ನು ಬೆಳಗಿಸಿದಾಗ ಮಾತ್ರ ಅದು ಚಿತ್ರದ ಮುಖ್ಯ ವಸ್ತುವೇ ಆಗಿಬಿಡುತ್ತದೆ.

ಸಂಸ್ಕರಣೆಗೆ ಸಿರಿಲ್ ಎಂಬ ಉಚಿತ ತಂತ್ರಾಂಶ ಸಾಕು. ಡೀಪ್‌ಸ್ಕೈಸ್ಟ್ಯಾಕರ್ ಕೂಡ ಉಚಿತ, ಸ್ಟ್ಯಾಕಿಂಗ್‌ಗೆ ಒಳ್ಳೆಯದು. ಪಿಕ್ಸ್‌ಇನ್‌ಸೈಟ್ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು, ಶಕ್ತಿಶಾಲಿ. ಆದರೆ ಮೊದಲ ವರ್ಷ ಅದರ ಕಡೆ ತಲೆ ಹಾಕಬೇಡಿ. ಸಿರಿಲ್‌ನಲ್ಲಿ ಲೈಟ್ಸ್ (ಆಕಾಶದ ಚಿತ್ರಗಳು), ಡಾರ್ಕ್ಸ್, ಫ್ಲಾಟ್ಸ್, ಬಯಸಸ್ ಎಂಬ ನಾಲ್ಕು ಫೋಲ್ಡರ್‌ಗಳಲ್ಲಿ ಕಡತಗಳನ್ನು ಹಾಕಿ, ಬಣ್ಣದ ಕ್ಯಾಮೆರಾಗಳಿಗಾಗಿ ಅದರಲ್ಲೇ ಇರುವ ಸ್ಕ್ರಿಪ್ಟ್ ಓಡಿಸಿದರೆ ಉಳಿದದ್ದನ್ನು ಅದೇ ಮಾಡುತ್ತದೆ. ಆದರೆ ಅದಕ್ಕೆ ಒಪ್ಪಿಸುವ ಮೊದಲು ಚಿತ್ರಗಳ ಮೇಲೆ ನೀವೇ ಒಮ್ಮೆ ಕಣ್ಣು ಹಾಯಿಸಿ. ಮೋಡ ಬಂದದ್ದು, ಟ್ರೈಪಾಡ್ ಅಲುಗಿದ್ದು ಹೊರಗೆ ಹೋಗಲಿ. ವಿಮಾನ ಮತ್ತು ಉಪಗ್ರಹಗಳ ಗೆರೆ ಇರುವ ಚಿತ್ರಗಳನ್ನು ಎಸೆಯಬೇಡಿ. ನೂರಾರು ಚಿತ್ರಗಳಲ್ಲಿ ಒಂದರಲ್ಲಿ ಮಾತ್ರ ಒಂದು ಪಿಕ್ಸೆಲ್ ಅತಿಯಾಗಿ ಹೊಳೆದಿದ್ದರೆ ಸಿಗ್ಮಾ ಕ್ಲಿಪ್ಪಿಂಗ್ ಎಂಬ ವಿಧಾನ ಆ ಬೆಲೆಯನ್ನು ಸರಾಸರಿಗೆ ಸೇರಿಸುವುದೇ ಇಲ್ಲ.

ಸ್ಟ್ಯಾಕ್ ಮುಗಿದಾಗ ಬರುವ ಚಿತ್ರವನ್ನು ಕಂಡು ಎದೆಗುಂದಬೇಡಿ. ಪರದೆ ಬಹುತೇಕ ಕಪ್ಪಾಗಿ, ಅಲ್ಲೊಂದು ಇಲ್ಲೊಂದು ನಕ್ಷತ್ರ ಕಾಣುತ್ತದೆ. ಏನಾಗಿದೆ ಎನ್ನುವುದನ್ನು ಅಂಕಿಯಲ್ಲಿ ನೋಡೋಣ. ಕಪ್ಪಿಗೆ 0, ಬಿಳಿಗೆ 1 ಎಂದಿಟ್ಟುಕೊಂಡರೆ, ಉದಾಹರಣೆಗೆ ಖಾಲಿ ಆಕಾಶದ ಬೆಲೆ 0.0020, ನೀಹಾರಿಕೆಯ ಹೊರ ಎಳೆಯ ಬೆಲೆ 0.0023, ನಡುಭಾಗದ್ದು 0.3 ಇರಬಹುದು. ಮೊದಲೆರಡೂ ಪರದೆಯ ಮೇಲೆ ಒಂದೇ ಕಪ್ಪು. ಒಂಟಿ ಚಿತ್ರದಲ್ಲಾಗಿದ್ದರೆ 0.0003ರ ಆ ವ್ಯತ್ಯಾಸ ನಾಯ್ಸ್‌ನೊಳಗೆ ಮುಳುಗಿ ಹೋಗಿರುತ್ತಿತ್ತು. 600 ಚಿತ್ರಗಳ ಸರಾಸರಿಯಲ್ಲಿ ಅದು ನಂಬಬಹುದಾದ ವ್ಯತ್ಯಾಸ. ಅದನ್ನು ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡುವ ಕ್ರಿಯೆಯೇ ಸ್ಟ್ರೆಚ್. ಸಂಸ್ಕರಣೆ ಎಂದು ಕರೆಯುವುದರ ಮುಕ್ಕಾಲು ಭಾಗ ಇದೇ.

ಆದರೆ ಸ್ಟ್ರೆಚ್‌ಗೆ ಕೈ ಹಾಕುವ ಮುನ್ನ, ಚಿತ್ರ ಕಪ್ಪಾಗಿರುವಾಗಲೇ, ಎರಡು ಕೆಲಸ ಮುಗಿಸಬೇಕು. ಸಿರಿಲ್‌ನಲ್ಲಿ ನೋಟವನ್ನು ಆಟೋಸ್ಟ್ರೆಚ್‌ಗೆ ಬದಲಿಸಿದರೆ ಕಡತವನ್ನು ಮುಟ್ಟದೆ ಒಳಗೇನಿದೆ ಎಂದು ಕಾಣಬಹುದು. ಇದು ನೋಡಲಿಕ್ಕೆ ಮಾತ್ರ ಎನ್ನುವುದನ್ನು ಮರೆಯಬೇಡಿ.

ಮೊದಲನೆಯದು ಹಿನ್ನೆಲೆಯ ಏರಿಳಿತ ಕಳೆಯುವುದು. ಊರಿನ ದೀಪವಿರುವ ದಿಕ್ಕಿನಲ್ಲಿ ಆಕಾಶ ಬೆಳಕಾಗಿಯೂ ಎದುರು ಮೂಲೆಯಲ್ಲಿ ಕಪ್ಪಾಗಿಯೂ ಇರುತ್ತದೆ. ಸ್ಟ್ಯಾಕಿಂಗ್‌ನಿಂದ ಅಂಚುಗಳಲ್ಲಿ ಉಂಟಾದ ಹರಕುಗಳನ್ನು ಕತ್ತರಿಸಿ ತೆಗೆದು, ಹಿನ್ನೆಲೆ ತೆಗೆಯುವ ಸಾಧನವನ್ನು ತೆರೆದರೆ ಅದು ಚಿತ್ರದ ತುಂಬ ಚುಕ್ಕೆಗಳನ್ನು ಹಾಕುತ್ತದೆ. ಆ ಚುಕ್ಕೆಗಳಿರುವ ಜಾಗವನ್ನೆಲ್ಲ ಅದು ಖಾಲಿ ಆಕಾಶವೆಂದು ನಂಬಿ, ಅವುಗಳ ಮೂಲಕ ಒಂದು ಮೇಲ್ಮೈ ಎಳೆದು ಕಳೆಯುತ್ತದೆ. ಎಚ್ಚರ ಬೇಕಾದದ್ದು ಇಲ್ಲಿ: ನೀಹಾರಿಕೆಯ ಮೇಲೆ ಒಂದು ಚುಕ್ಕೆ ಉಳಿದರೂ ನೀಹಾರಿಕೆಯೇ ಕಳೆದುಹೋಗುತ್ತದೆ, ಸುತ್ತ ಕಪ್ಪು ಹಳ್ಳ ಬೀಳುತ್ತದೆ. ಓರಿಯನ್ ಸೀಮೆಯಲ್ಲಿ ಬರ್ನಾರ್ಡ್ ಲೂಪ್ ಎಂಬ ಬೃಹತ್ ಹೈಡ್ರೋಜನ್ ಕಮಾನು ಬೇರೆ ಹರಡಿದೆ, 50 ಮಿ.ಮೀ. ಚೌಕಟ್ಟಿನಲ್ಲಿ ಅದೂ ಬರುತ್ತದೆ. ಎಂ 42ರ ಮೇಲೂ ಹತ್ತಿರದಲ್ಲೂ ಇರುವ ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿ, ಸರಳವಾದ ಮೇಲ್ಮೈಯನ್ನೇ ಆರಿಸಿ. ಇದು ಬೇಸರದ ಕೆಲಸ, ಆದರೆ ಇಲ್ಲಿ ಕಳೆದ ಹತ್ತು ನಿಮಿಷ ಮುಂದೆ ಎರಡು ಗಂಟೆ ಉಳಿಸುತ್ತದೆ. ಗ್ರಾಎಕ್ಸ್‌ಪರ್ಟ್ ಎಂಬ ಉಚಿತ ತಂತ್ರಾಂಶವೂ ಇದನ್ನು ಚೆನ್ನಾಗಿ ಮಾಡುತ್ತದೆ.

ಎರಡನೆಯದು ಬಣ್ಣದ ಹೊಂದಾಣಿಕೆ. ತಂತ್ರಾಂಶ ನಿಮ್ಮ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಅವುಗಳ ಬಣ್ಣವನ್ನು ನಕ್ಷತ್ರ ಪಟ್ಟಿಗಳಲ್ಲಿ ಅಳೆದಿಟ್ಟ ಬಣ್ಣದೊಂದಿಗೆ ಹೋಲಿಸಿ ಇಡೀ ಚಿತ್ರವನ್ನು ಸರಿಪಡಿಸುತ್ತದೆ. ನಿಮ್ಮ ಕಣ್ಣಿನ ಅಂದಾಜಿಗಿಂತ ಇದು ಮೇಲು. ಆರ್ದ್ರಾ ಕಿತ್ತಳೆಯಾಗಿ, ರೀಗೆಲ್ ನೀಲಿ ಬೆರೆತ ಬಿಳಿಯಾಗಿ ಬಂದಿದ್ದರೆ ದಾರಿ ಸರಿಯಿದೆ.

ಈಗ ಸ್ಟ್ರೆಚ್. ಒಂದೇ ಏಟಿಗೆ ಮಾಡಬೇಡಿ, ನಾಲ್ಕೈದು ಸಣ್ಣ ಹಂತಗಳಲ್ಲಿ ಮಾಡಿ. ಮೊದಲು ಆಸಿನ್ ಎಂಬ ಬಗೆಯ ಸ್ಟ್ರೆಚ್ ಸ್ವಲ್ಪ ಬಳಸಿದರೆ ನಕ್ಷತ್ರಗಳ ಬಣ್ಣ ಉಳಿಯುತ್ತದೆ, ನಂತರ ಹಿಸ್ಟೋಗ್ರಾಮ್‌ನ ನಡುಬಿಂದುವನ್ನು ಎಡಕ್ಕೆ ಸರಿಸುತ್ತ ಹೋಗಿ. ಕಪ್ಪು ಬಿಂದುವನ್ನು ಹಿಸ್ಟೋಗ್ರಾಮ್‌ನ ಗುಡ್ಡದ ಬುಡಕ್ಕೆ ತರಬಹುದು, ಅದರೊಳಗೆ ನುಗ್ಗಿಸಬಾರದು. ಹೊಸಬರ ಚಿತ್ರಗಳನ್ನು ಗುರುತಿಸುವುದು ನನಗೆ ಸುಲಭ: ಆಕಾಶ ಇದ್ದಿಲಿನಂತೆ ಕಪ್ಪಾಗಿರುತ್ತದೆ, ನೀಹಾರಿಕೆ ಕತ್ತರಿಸಿ ಅಂಟಿಸಿದಂತಿರುತ್ತದೆ. ನಿಜವಾದ ಆಕಾಶದ ಹಿನ್ನೆಲೆ ಕಪ್ಪಲ್ಲ. 0ರಿಂದ 255ರ ಮಾಪನದಲ್ಲಿ ಅದನ್ನು 20ರಿಂದ 30ರ ಆಸುಪಾಸಿನಲ್ಲಿ ಬಿಡಿ. ಮಂಕು ಎಳೆಗಳು ಆಕಾಶದಲ್ಲಿ ಕರಗಿ ಹೋಗುವ ಜಾಗ ಅಲ್ಲಿದೆ.

ಎಂ 42ಕ್ಕೆ ಒಂದು ವಿಶೇಷ ತೊಂದರೆಯಿದೆ. ಅದರ ಹೃದಯಭಾಗದಲ್ಲಿ ಟ್ರೆಪೀಸಿಯಂ ಎಂಬ ನಾಲ್ಕು ಎಳೆಯ ನಕ್ಷತ್ರಗಳ ಗುಂಪಿದೆ; ಇಡೀ ನೀಹಾರಿಕೆಯನ್ನು ಬೆಳಗಿಸುತ್ತಿರುವುದು ಮುಖ್ಯವಾಗಿ ಅವುಗಳಲ್ಲಿ ಒಂದು. ಹೊರ ಎಳೆಗಳು ಕಾಣುವಷ್ಟು ಸ್ಟ್ರೆಚ್ ಮಾಡಿದರೆ ನಡುಭಾಗ ಬಿಳಿ ಗುಳ್ಳೆಯಾಗುತ್ತದೆ. 3 ಸೆಕೆಂಡಿನ ಚಿತ್ರಗಳಲ್ಲಿ ಅಲ್ಲಿನ ವಿವರ ಇನ್ನೂ ಉಳಿದಿರುತ್ತದೆ, ಆದ್ದರಿಂದ ಒಂದೇ ಸ್ಟ್ಯಾಕನ್ನು ಎರಡು ರೀತಿ ಸ್ಟ್ರೆಚ್ ಮಾಡಿ: ಒಂದು ಹೊರ ಎಳೆಗಳಿಗೆ, ಇನ್ನೊಂದು ಮೆಲ್ಲನೆಯದು ನಡುಭಾಗಕ್ಕೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಎರಡನ್ನೂ ಪದರಗಳಾಗಿ ಇಟ್ಟು, ಅಂಚು ಚೆನ್ನಾಗಿ ಮಸುಕಾದ ಮಾಸ್ಕ್ ಮೂಲಕ ನಡುಭಾಗವನ್ನು ಕೂರಿಸಿ. ಮುಂದೆ, ಕ್ಯಾಮೆರಾವನ್ನು ಆಕಾಶದ ಜೊತೆಗೇ ತಿರುಗಿಸುವ ಟ್ರ್ಯಾಕರ್ ಬಂದು ದೀರ್ಘ ಎಕ್ಸ್‌ಪೋಷರ್ ತೆಗೆಯಲಾರಂಭಿಸಿದಾಗ ನಡುಭಾಗಕ್ಕೆ ಬೇರೆಯಾಗಿ ಕಿರು ಎಕ್ಸ್‌ಪೋಷರ್‌ಗಳು ಬೇಕಾಗುತ್ತವೆ. ಎಷ್ಟು ಬೆರೆಸಿದರೂ ನಡುಭಾಗವೇ ಚಿತ್ರದ ಅತಿ ಬೆಳಕಿನ ಜಾಗವಾಗಿ ಉಳಿಯಲಿ. ಸುತ್ತಲಿನದಕ್ಕಿಂತ ಅದನ್ನು ಮಂಕು ಮಾಡಿದ ಚಿತ್ರಗಳನ್ನು ನೋಡಿದರೆ ನನಗೆ ಕಿರಿಕಿರಿಯಾಗುತ್ತದೆ.

ನಕ್ಷತ್ರಗಳು ಉಬ್ಬಿದ್ದರೆ ಸ್ಟಾರ್‌ನೆಟ್ ಎಂಬ ತಂತ್ರಾಂಶದಿಂದ ಅವನ್ನು ಬೇರ್ಪಡಿಸಿ, ನೀಹಾರಿಕೆಯನ್ನು ಮಾತ್ರ ತಿದ್ದಿ, ಮತ್ತೆ ಸೇರಿಸಬಹುದು. ನಾಯ್ಸ್ ತಗ್ಗಿಸುವುದನ್ನು ಹಿತಮಿತವಾಗಿ ಬಳಸಿ. ಸಣ್ಣ ಕಾಳು ಕಾಳಾದ ಹಿನ್ನೆಲೆ ನನಗೆ ಪ್ಲಾಸ್ಟಿಕ್‌ನಂಥ ನುಣುಪಿಗಿಂತ ಇಷ್ಟ.

ಇನ್ನು ಬಣ್ಣದ ಪ್ರಶ್ನೆ. ಓರಿಯನ್ ನೀಹಾರಿಕೆಯ ಕೆಂಪು ನಿಜ. ಕಾದ ನಕ್ಷತ್ರದ ಅತಿನೇರಳೆ ಕಿರಣಗಳು ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುತ್ತವೆ. ಅದು ಮರಳಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ 656.3 ನ್ಯಾನೋಮೀಟರ್‌ನ ಕೆಂಪು ಬೆಳಕು ಹೊರಡುತ್ತದೆ. ನಡುಭಾಗದ ಹಸಿರು ನೀಲಿ ಆಕ್ಸಿಜನ್‌ನದು, ಮುಖ್ಯವಾಗಿ 500.7 ಮತ್ತು 495.9 ನ್ಯಾನೋಮೀಟರ್. 1864ರಲ್ಲಿ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ರೋಹಿತದರ್ಶಕದಲ್ಲಿ ಒಡೆದು ನೋಡಿದಾಗ ಈ ಗೆರೆಗಳು ಕಂಡವು. ಯಾವ ಧಾತುವಿಗೂ ಹೊಂದದ ಕಾರಣ ನೆಬ್ಯುಲಿಯಂ ಎಂಬ ಹೊಸ ಧಾತುವನ್ನೇ ಊಹಿಸಿದರು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್, ನಾವು ಊಹಿಸಲಾಗದಷ್ಟು ವಿರಳ ಅನಿಲದಲ್ಲಿ ಹಾಗೆ ಹೊಳೆಯುತ್ತದೆ ಎಂದು ಐರಾ ಬೋವೆನ್ ತೋರಿಸಿದ್ದು 1927ರಲ್ಲಿ. ಎಂ 42ರ ಉತ್ತರಕ್ಕೆ ಅಂಟಿಕೊಂಡಂತಿರುವ ಎನ್‌ಜಿಸಿ 1977 ಎಂಬ ನೀಹಾರಿಕೆಯ ನೀಲಿ ಮಾತ್ರ ಬೇರೆ ಬಗೆಯದು, ಅದು ಧೂಳಿನ ಮೇಲೆ ಬಿದ್ದು ಚದುರಿದ ನಕ್ಷತ್ರದ ಬೆಳಕು.

ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ಇದಾವುದೂ ಕಾಣದೆ ಬೂದು ಹಸಿರಿನ ಹೊಗೆ ಕಾಣುತ್ತದೆ. ಮಂಕು ಬೆಳಕಿನಲ್ಲಿ ಕಣ್ಣು ನೆಚ್ಚಿಕೊಳ್ಳುವ ದಂಡಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಆ ಕೆಂಪಿಗಂತೂ ಅವು ಬಹುತೇಕ ಕುರುಡು. ನಿಮ್ಮ ಕ್ಯಾಮೆರಾಕ್ಕೂ ಅಂಥದ್ದೊಂದು ಕೊರತೆಯಿದೆ: ಸೆನ್ಸರ್ ಮುಂದಿನ ಫಿಲ್ಟರ್ 656.3 ನ್ಯಾನೋಮೀಟರ್‌ನ ಬಹುಪಾಲನ್ನು ತಡೆಯುತ್ತದೆ. ಅದಕ್ಕೇ ನಿಮ್ಮ ಮಚ್ಚೆ ಕಡುಗೆಂಪಾಗದೆ ಗುಲಾಬಿಯಾಗಿದೆ. ಆ ಫಿಲ್ಟರ್ ತೆಗೆಸಿದ ಕ್ಯಾಮೆರಾಗಳಲ್ಲಿ ಕೆಂಪು ಉಕ್ಕುತ್ತದೆ. ಎಂ 42 ಆ ಬದಲಾವಣೆ ಇಲ್ಲದೆಯೂ ಬರುವಷ್ಟು ಪ್ರಕಾಶಮಾನ. ಕುದುರೆತಲೆ ನೀಹಾರಿಕೆಯ ಹಿಂದಿನ ಕೆಂಪು ಪರದೆ ಬೇಕೆಂದರೆ ಮಾತ್ರ ಅದರ ಯೋಚನೆ ಮಾಡಿ.

ಹಬಲ್ ದೂರದರ್ಶಕದ 1995ರ ಸೃಷ್ಟಿಸ್ತಂಭಗಳ (ಪಿಲ್ಲರ್ಸ್ ಆಫ್ ಕ್ರಿಯೇಷನ್) ಚಿತ್ರದ ಬಣ್ಣಗಳು ಬೇರೆ ಲೆಕ್ಕದವು. ಅಲ್ಲಿ ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಕ್ಸಿಜನ್‌ಗೆ ನೀಲಿ ಎಂದು ಹಂಚಿಕೊಟ್ಟಿದ್ದಾರೆ. ಗಂಧಕವೂ ಹೈಡ್ರೋಜನ್ನೂ ಎರಡೂ ಕೆಂಪೇ ಆದ್ದರಿಂದ, ಹಾಗೆ ಹಂಚದಿದ್ದರೆ ಯಾವುದು ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಅದು ನಕ್ಷೆಯ ಬಣ್ಣ, ಮೋಸವಲ್ಲ. ಚಿತ್ರದ ಕೆಳಗೆ ಹಾಗೆಂದು ಬರೆದರಾಯಿತು. ಸಂಸ್ಕರಣೆಯಲ್ಲಿ ಹಸಿರು ತೆಗೆಯುವ ಒಂದು ಗುಂಡಿಯಿದೆ, ಅದರ ಮೇಲೆ ಎಲ್ಲರಿಗೂ ಮೋಹ. ಎಂ 42ರಲ್ಲಿ ಅದನ್ನು ಪೂರ್ತಿ ಒತ್ತಿದರೆ ಆಕ್ಸಿಜನ್‌ನ ನಿಜವಾದ ಹಸಿರೂ ಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿ.

ಬಣ್ಣಕ್ಕಿಂತ ನಾನು ಅನುಮಾನಿಸುವುದು ವಿವರವನ್ನು. ಕೃತಕ ಬುದ್ಧಿಮತ್ತೆಯ ಹರಿತಗೊಳಿಸುವ ಸಾಧನಗಳು, ಅದರಲ್ಲೂ ಸಾಮಾನ್ಯ ಫೋಟೋಗಳಿಗೆಂದು ಮಾಡಿದವು, ನಾಯ್ಸ್‌ನಲ್ಲಿ ಎಳೆಗಳನ್ನು ಕಂಡು ಅವನ್ನು ಬರೆದೇ ಬಿಡುತ್ತವೆ. ಪರೀಕ್ಷಿಸಲು ಒಂದು ಉಪಾಯವಿದೆ. ನಿಮ್ಮ 600 ಚಿತ್ರಗಳನ್ನು ಸಮ ಸಂಖ್ಯೆಯವು, ಬೆಸ ಸಂಖ್ಯೆಯವು ಎಂದು ಎರಡು ಪಾಲು ಮಾಡಿ, ಬೇರೆ ಬೇರೆ ಸ್ಟ್ಯಾಕ್ ಮಾಡಿ, ಒಂದೇ ರೀತಿ ಸ್ಟ್ರೆಚ್ ಮಾಡಿ ಅಕ್ಕಪಕ್ಕ ಇಡಿ. ಎರಡರಲ್ಲೂ ಕಾಣುವ ಎಳೆ ಆಕಾಶದಲ್ಲಿದೆ ಎಂದು ನಂಬಬಹುದು. ಒಂದರಲ್ಲಿ ಮಾತ್ರ ಕಂಡರೆ ಅದು ನಾಯ್ಸ್. ಎಷ್ಟೇ ಚೆಂದವಿದ್ದರೂ ಅದನ್ನು ಎದ್ದು ಕಾಣುವಂತೆ ಮಾಡಬೇಡಿ.

ಇಷ್ಟಾದ ಮೇಲೂ ಹಣ ಖರ್ಚು ಮಾಡುವ ಮನಸ್ಸಿದ್ದರೆ, ಮೊದಲು ಕ್ಯಾಮೆರಾವನ್ನು ಆಕಾಶದ ವೇಗಕ್ಕೇ ತಿರುಗಿಸುವ ಸಣ್ಣ ಟ್ರ್ಯಾಕರ್ ಕೊಳ್ಳಿ, ಆಮೇಲೆ 135 ಮಿ.ಮೀ. ಸುತ್ತಿನ ಒಂದು ಲೆನ್ಸ್. ಟ್ರ್ಯಾಕರ್‌ನ ಅಕ್ಷವನ್ನು ಖಗೋಳ ಧ್ರುವಕ್ಕೆ, ಅಂದರೆ ಆಕಾಶ ಸುತ್ತುವಂತೆ ಕಾಣುವ ಬಿಂದುವಿಗೆ ಗುರಿಯಿಡಬೇಕು. ಧ್ರುವ ನಕ್ಷತ್ರ ಅದರಿಂದ ಅರ್ಧ ಡಿಗ್ರಿಗೂ ಹೆಚ್ಚು ಆಚೆ ಇರುವುದರಿಂದ, ನಕ್ಷತ್ರವನ್ನೇ ನಡುವಿಗೆ ತಂದರೆ ಸಾಲದು, ಗುರಿಯಿಡಲು ಬಳಸುವ ಧ್ರುವದರ್ಶಕದ ವೃತ್ತದಲ್ಲಿ ಆ ಹೊತ್ತಿಗೆ ಸಲ್ಲುವ ಜಾಗದಲ್ಲಿ ಅದನ್ನು ಕೂರಿಸಬೇಕು. ಆಗ 3 ಸೆಕೆಂಡಿನ ಬದಲು ಒಂದು ನಿಮಿಷ ಸಿಗುತ್ತದೆ, ಎಂ 42 ಅಡ್ಡಗಲಕ್ಕೆ 600 ಪಿಕ್ಸೆಲ್‌ನಷ್ಟು ದೊಡ್ಡದಾಗುತ್ತದೆ. ಟ್ರ್ಯಾಕರ್ ಕೈಗೆ ಬರುವ ಹೊತ್ತಿಗೆ ಓರಿಯನ್ ಸೂರ್ಯನ ಹಿಂದೆ ಸರಿದಿದ್ದರೆ ಧನು ರಾಶಿಯ ಲಗೂನ್ ನೀಹಾರಿಕೆ ಎಂ 8ರ ಕಡೆ ತಿರುಗಿ. ಅದೂ ಒಂದು ಡಿಗ್ರಿಗಿಂತ ಅಗಲ, ಅದೇ ಲೆನ್ಸಿಗೆ ಹೊಂದುತ್ತದೆ. ನಡುಭಾಗ ಎಂ 42ರಷ್ಟು ಉಕ್ಕುವುದಿಲ್ಲವಾದ್ದರಿಂದ ಎರಡು ಸ್ಟ್ರೆಚ್‌ಗಳ ತಾಪತ್ರಯವೂ ಕಡಿಮೆ.